ಕ್ಲೌಡ್ ಆರ್ಕೈವ್ ಸಂಗ್ರಹದಿಂದ ಹಳೆಯ ದಾಖಲೆಗಳನ್ನು ಶೀಘ್ರವಾಗಿ ಮರಳಿ ಪಡೆಯುವ ವಿಧಾನ: ಸಾರ್ವಜನಿಕರಿಗೆ ಮಾಹಿತಿ

ಪೀಠಿಕೆ

ಗಣಕೀಕೃತ ಸೇವೆಗಳಲ್ಲಿ ಇತ್ತೀಚಿನ ದಾಖಲೆಯ ನಕಲು ಕೆಲವೇ ನಿಮಿಷಗಳಲ್ಲಿ ದೊರೆಯುತ್ತದೆ. ಹಲವು ವರ್ಷಗಳ ಹಿಂದಿನ ದಾಖಲೆಯಾದಲ್ಲಿ ಒಂದೆರಡು ದಿನ ಕಾಯಬೇಕಾಗಬಹುದು. ದಾಖಲೆಯು ಗಣಕಯಂತ್ರದಲ್ಲಿಯೇ ಇರುವಾಗ ಈ ವಿಳಂಬವೇಕೆ ಎಂಬ ಪ್ರಶ್ನೆ ಅರ್ಜಿದಾರರಲ್ಲಿ ಮೂಡುವುದು ಸಹಜ. ಹಳೆಯ ದಾಖಲೆಗಳ ಬ್ಯಾಕಪ್ ಪ್ರತಿಗಳನ್ನು ಕಡಿಮೆ ವೆಚ್ಚದ ಕ್ಲೌಡ್ ಆರ್ಕೈವ್ ಸಂಗ್ರಹದಲ್ಲಿ ಇರಿಸುವ ಪದ್ಧತಿಯು ಇದಕ್ಕೆ ಒಂದು ಕಾರಣವಾಗಿರುತ್ತದೆ. ಈ ಸಂಗ್ರಹದ ಸ್ವರೂಪ, ಅದರಿಂದ ದಾಖಲೆಗಳನ್ನು ಬೇಗನೆ ಪಡೆಯುವ ಕ್ರಮ ಹಾಗೂ ಅರ್ಜಿದಾರರು ಗಮನಿಸಬೇಕಾದ ಅಂಶಗಳನ್ನು ಇಲ್ಲಿ ವಿವರಿಸಲಾಗಿದೆ.

ಆರ್ಕೈವ್ ಸಂಗ್ರಹ ಎಂದರೇನು?

ತಾಲ್ಲೂಕು ಕಚೇರಿಯಲ್ಲಿ ನಿತ್ಯ ಬಳಕೆಯ ಕಡತಗಳು ಗುಮಾಸ್ತರ ಮೇಜಿನ ಮೇಲಿರುತ್ತವೆ. ಹಳೆಯವು ರುಮಾಲುಗಳಲ್ಲಿ ಕಟ್ಟಲ್ಪಟ್ಟು ಅಭಿಲೇಖಾಲಯ ಸೇರುತ್ತವೆ. ಅಲ್ಲಿಂದ ಕಡತ ತರಿಸಲು ಬೇಡಿಕೆ ಚೀಟಿ ಕಳುಹಿಸಿ, ರುಮಾಲು ಬಿಚ್ಚಿ ಹುಡುಕಬೇಕಾಗುತ್ತದೆ. ಕ್ಲೌಡ್ ಸಂಗ್ರಹದಲ್ಲಿಯೂ ಇದೇ ರೀತಿಯ ವಿಂಗಡಣೆ ಇದೆ. ಪದೇ ಪದೇ ಬೇಕಾಗುವ ಮಾಹಿತಿಯು ತಕ್ಷಣ ದೊರೆಯುವ ಸಾಮಾನ್ಯ ಸಂಗ್ರಹದಲ್ಲಿಯೂ, ಅಪರೂಪಕ್ಕೆ ಬೇಕಾಗುವ ಮಾಹಿತಿಯು ಆರ್ಕೈವ್‌ನಲ್ಲಿಯೂ ಇರುತ್ತದೆ.

ಈ ವಿಂಗಡಣೆಗೆ ವೆಚ್ಚವೇ ಕಾರಣ. ಅಮೆಜಾನ್ ಸಂಸ್ಥೆಯ ಅಮೆರಿಕದ ಕೇಂದ್ರಗಳ ದರದಂತೆ 1 ಟೆರಾಬೈಟ್ ಮಾಹಿತಿಯನ್ನು ಸಾಮಾನ್ಯ ಸಂಗ್ರಹದಲ್ಲಿರಿಸಲು ತಿಂಗಳಿಗೆ ಸುಮಾರು 23 ಡಾಲರ್ ತಗಲುತ್ತದೆ. 2019ರಲ್ಲಿ ಬಳಕೆಗೆ ಬಂದ ಗ್ಲೇಸಿಯರ್ ಡೀಪ್ ಆರ್ಕೈವ್‌ನಲ್ಲಿ ಅಷ್ಟೇ ಮಾಹಿತಿಗೆ ಸುಮಾರು 1 ಡಾಲರ್ ಸಾಕಾಗುತ್ತದೆ. ಆದರೆ ಮಾಹಿತಿಯನ್ನು ಮರಳಿ ಪಡೆಯಲು ಕಾಲಾವಕಾಶ ಬೇಕು ಮತ್ತು ಪ್ರತ್ಯೇಕ ಶುಲ್ಕವೂ ತಗಲಬಹುದು.

ಬ್ಯಾಕಪ್ ಇಲ್ಲದಿದ್ದಲ್ಲಿ ಆಗುವ ಹಾನಿ

ದಕ್ಷಿಣ ಕೊರಿಯಾದ ಡೇಜಿಯಾನ್ ನಗರದ ಸರ್ಕಾರಿ ದತ್ತಾಂಶ ಕೇಂದ್ರದಲ್ಲಿ 2025ರ ಸೆಪ್ಟೆಂಬರ್ 26ರಂದು ಬೆಂಕಿ ಕಾಣಿಸಿಕೊಂಡು 600ಕ್ಕೂ ಹೆಚ್ಚು ಸರ್ಕಾರಿ ಗಣಕ ವ್ಯವಸ್ಥೆಗಳು ಸ್ಥಗಿತಗೊಂಡವು. ಸರ್ಕಾರಿ ನೌಕರರು ಕಡತಗಳನ್ನು ಇರಿಸುತ್ತಿದ್ದ ಒಂದು ವ್ಯವಸ್ಥೆಯ 858 ಟೆರಾಬೈಟ್ ಮಾಹಿತಿ ನಾಶವಾಯಿತು. ಮಾಹಿತಿಯ ಗಾತ್ರ ಅತಿ ದೊಡ್ಡದೆಂಬ ಕಾರಣದಿಂದ ಅದರ ಪ್ರತಿಯನ್ನು ಹೊರಗೆ ಇರಿಸಿರಲಿಲ್ಲ. ಬೃಹತ್ ಗಾತ್ರದ ಮಾಹಿತಿಗೂ ಮಿತವ್ಯಯದಲ್ಲಿ ಬೇರೊಂದು ಸ್ಥಳದಲ್ಲಿ ಪ್ರತಿ ಇರಿಸಲು ಸಾಧ್ಯವಾಗುವುದೇ ಆರ್ಕೈವ್ ಸಂಗ್ರಹದ ಮುಖ್ಯ ಪ್ರಯೋಜನ. ಕೆಲವು ಗಂಟೆಗಳ ವಿಳಂಬವನ್ನು ಈ ಹಿನ್ನೆಲೆಯಲ್ಲಿ ನೋಡುವುದು ಸೂಕ್ತ.

ಮರಳಿ ಪಡೆಯಲು ತಗಲುವ ಅವಧಿ

1. ಗ್ಲೇಸಿಯರ್ ಫ್ಲೆಕ್ಸಿಬಲ್ ರಿಟ್ರೀವಲ್: ತುರ್ತು ಕೋರಿಕೆಗೆ ಸಾಮಾನ್ಯವಾಗಿ 1ರಿಂದ 5 ನಿಮಿಷ (ಬಹು ದೊಡ್ಡ ಕಡತಗಳನ್ನು ಹೊರತುಪಡಿಸಿ), ಸಾಧಾರಣ ಕೋರಿಕೆಗೆ 3ರಿಂದ 5 ಗಂಟೆ, ಸಗಟು ಕೋರಿಕೆಗೆ 5ರಿಂದ 12 ಗಂಟೆ.

2. ಗ್ಲೇಸಿಯರ್ ಡೀಪ್ ಆರ್ಕೈವ್: ಸಾಧಾರಣ ಕೋರಿಕೆಗೆ 12 ಗಂಟೆಯೊಳಗೆ; ಸಗಟು ಕೋರಿಕೆಗೆ 48 ಗಂಟೆಯೊಳಗೆ. ಇಲ್ಲಿ ತುರ್ತು ಕೋರಿಕೆಗೆ ಅವಕಾಶವಿಲ್ಲ.

3. ಮೈಕ್ರೋಸಾಫ್ಟ್ ಅಜೂರ್ ಆರ್ಕೈವ್: ಸಾಧಾರಣ ಆದ್ಯತೆಯಲ್ಲಿ 15 ಗಂಟೆಯವರೆಗೆ, ಹೆಚ್ಚಿನ ಆದ್ಯತೆಯಲ್ಲಿ, 10 ಗಿಗಾಬೈಟ್‌ಗಿಂತ ಚಿಕ್ಕ ಕಡತಗಳಿಗೆ 1 ಗಂಟೆಯೊಳಗೆ ಆಗಬಹುದು.

4. ಗೂಗಲ್ ಕ್ಲೌಡ್ ಆರ್ಕೈವ್ ಹಾಗೂ 2021ರಲ್ಲಿ ಬಂದ ಗ್ಲೇಸಿಯರ್ ಇನ್‌ಸ್ಟಂಟ್ ರಿಟ್ರೀವಲ್: ಕಾಯಬೇಕಾಗಿಲ್ಲ. ಆದರೆ ಮರಳಿ ಪಡೆಯುವ ಶುಲ್ಕವಿದ್ದು, ಕ್ರಮವಾಗಿ 365 ಮತ್ತು 90 ದಿನಗಳ ಕನಿಷ್ಠ ಅವಧಿಯ ಬಾಡಿಗೆ ಕಡ್ಡಾಯವಾಗಿರುತ್ತದೆ.

ಅವಧಿಯನ್ನು ಕಡಿಮೆ ಮಾಡುವ ಕ್ರಮಗಳು

1. ಸೂಚಿಯನ್ನು ಹೊರಗಿರಿಸುವುದು. ಯಾವ ದಾಖಲೆ ಯಾವ ಕಟ್ಟಿನಲ್ಲಿದೆ ಎಂಬ ಸೂಚಿಯು ಯಾವಾಗಲೂ ಸಾಮಾನ್ಯ ಸಂಗ್ರಹದಲ್ಲಿಯೇ ಇರಬೇಕು. ಸೂಚಿಯೂ ಆರ್ಕೈವ್ ಸೇರಿದಲ್ಲಿ ಒಂದು ದಾಖಲೆಗಾಗಿ ಎರಡು ಬಾರಿ ಕಾಯಬೇಕಾಗುತ್ತದೆ.

2. ಕಟ್ಟಿನ ಗಾತ್ರ. ಪ್ರತಿ ಪುಟವನ್ನೂ ಬೇರೆ ಬೇರೆ ಕಡತವಾಗಿ ಇರಿಸಿದರೆ ವೆಚ್ಚ ಹೆಚ್ಚುತ್ತದೆ. ಇಡೀ ಜಿಲ್ಲೆಯ ದಾಖಲೆಗಳನ್ನು ಒಂದೇ ಕಟ್ಟಾಗಿಸಿದರೆ ಒಂದು ಪುಟಕ್ಕಾಗಿ ಎಲ್ಲವನ್ನೂ ತರಿಸಬೇಕಾಗುತ್ತದೆ. ವರ್ಷವಾರು ಹಾಗೂ ಹೋಬಳಿವಾರು ಮಧ್ಯಮ ಗಾತ್ರದ ಕಟ್ಟುಗಳು ಅನುಕೂಲಕರ.

3. ಆದ್ಯತೆಯ ನಿಗದಿ. ಕೊನೆಯ ದಿನಾಂಕ ಸಮೀಪಿಸಿರುವ ಅರ್ಜಿಗಳಿಗೆ ಮಾತ್ರ ತುರ್ತು ಕೋರಿಕೆ ಸಲ್ಲಿಸಿ, ಉಳಿದವುಗಳನ್ನು ಸಗಟು ಕೋರಿಕೆಯಲ್ಲಿ ರಾತ್ರಿ ವೇಳೆ ತರಿಸಬಹುದು. ಬೇಡಿಕೆ ಹೆಚ್ಚಿರುವಾಗ ತುರ್ತು ಕೋರಿಕೆ ಸ್ವೀಕೃತವಾಗದೆ ಹೋಗಬಹುದು. ಸಾಮರ್ಥ್ಯವನ್ನು ಮುಂಗಡವಾಗಿ ಖರೀದಿಸಿದ್ದಲ್ಲಿ ಈ ತೊಡಕು ನಿವಾರಣೆಯಾಗುತ್ತದೆ.

4. ಪಟ್ಟಿಯಾಗಿ ಕೋರುವುದು. ಬೇಕಾದ ಕಡತಗಳೆಲ್ಲವನ್ನೂ ಒಂದೇ ಪಟ್ಟಿಯಲ್ಲಿ ಕೋರುವ ಸೌಲಭ್ಯವಿದೆ. ಅಮೆಜಾನ್ ಸಂಸ್ಥೆಯು 2023ರ ಆಗಸ್ಟ್‌ನಲ್ಲಿ ಮಾಡಿದ ಸುಧಾರಣೆಯಿಂದ, ಫ್ಲೆಕ್ಸಿಬಲ್ ರಿಟ್ರೀವಲ್‌ನಲ್ಲಿ ಹೀಗೆ ಸಲ್ಲಿಸಿದ ಸಾಧಾರಣ ಕೋರಿಕೆಯ ಮೊದಲ ಕಡತಗಳು ಕೆಲವೇ ನಿಮಿಷಗಳಲ್ಲಿ ಬರಲಾರಂಭಿಸುತ್ತವೆ.

5. ಸಾಗಣೆಯ ಸಮಯ. ಸೆಕೆಂಡಿಗೆ 100 ಮೆಗಾಬಿಟ್ ವೇಗದ ಸಂಪರ್ಕದಲ್ಲಿ 1 ಟೆರಾಬೈಟ್ ಮಾಹಿತಿ ಕಚೇರಿಗೆ ತಲುಪಲು ಸುಮಾರು 22 ಗಂಟೆ ಬೇಕು. ಆದುದರಿಂದ ಕಟ್ಟನ್ನು ಕ್ಲೌಡ್‌ನಲ್ಲಿಯೇ ತೆರೆದು, ಬೇಕಾದ ಪುಟವನ್ನಷ್ಟೇ ತರಿಸುವುದು ಲಾಭದಾಯಕ.

6. ತಾತ್ಕಾಲಿಕ ಪ್ರತಿಯ ಅವಧಿ. ಗ್ಲೇಸಿಯರ್‌ನಿಂದ ಹೀಗೆ ತರಿಸಿದ ಪ್ರತಿಯು ಕೋರಿಕೆಯಲ್ಲಿ ನಮೂದಿಸಿದಷ್ಟು ದಿನ ಮಾತ್ರ ಲಭ್ಯವಿರುತ್ತದೆ. ಪರಿಶೀಲನೆ ಮುಗಿಯುವ ಮುನ್ನವೇ ಆ ಅವಧಿ ಮುಗಿದರೆ ಪುನಃ ಕೋರಿಕೆ ಸಲ್ಲಿಸಿ ಕಾಯಬೇಕಾಗುತ್ತದೆ.

ಅರ್ಜಿದಾರರು ಗಮನಿಸಬೇಕಾದ ಅಂಶಗಳು

ಆರ್ಕೈವ್‌ನಲ್ಲಿರುವ ದಾಖಲೆಯು ಕಳೆದುಹೋದ ದಾಖಲೆಯಲ್ಲ. ಪತಿಯ ನಿಧನಾನಂತರ ಕುಟುಂಬ ಪಿಂಚಣಿ ಕೋರುವ ಮಹಿಳೆಗೆ ಮೂವತ್ತು ವರ್ಷಗಳ ಹಿಂದಿನ ಸೇವಾ ವಹಿಯ ಪುಟ ಬೇಕಾಗಿದೆ ಎಂದು ಭಾವಿಸೋಣ. ಚಾಲ್ತಿ ಸರ್ವರ್‌ನಲ್ಲಿ ಮಾತ್ರ ಹುಡುಕಿ ‘ದಾಖಲೆ ಲಭ್ಯವಿಲ್ಲ’ ಎಂದು ಹಿಂಬರಹ ನೀಡಿದಲ್ಲಿ, 12 ಗಂಟೆ ಕಾದಿದ್ದರೆ ದೊರೆಯುತ್ತಿದ್ದ ಪುಟಕ್ಕಾಗಿ ಆಕೆ ತಿಂಗಳುಗಟ್ಟಲೆ ಅಲೆಯಬೇಕಾದೀತು. ಆದುದರಿಂದ ಅರ್ಜಿದಾರರು ಈ ಕೆಳಕಂಡ ಅಂಶಗಳನ್ನು ಪಾಲಿಸುವುದು ಸೂಕ್ತ.

ಅ) ದಾಖಲೆಯ ವರ್ಷ, ವಹಿ ಅಥವಾ ನೋಂದಣಿ ಸಂಖ್ಯೆ, ಗ್ರಾಮ ಮತ್ತು ಹೋಬಳಿಯನ್ನು ನಿಖರವಾಗಿ ನಮೂದಿಸಬೇಕು. ವರ್ಷ ತಪ್ಪಾದರೆ ಬೇರೆ ಕಟ್ಟು ಬರುತ್ತದೆ ಮತ್ತು ಕಾಯುವ ಅವಧಿ ಮತ್ತೆ ಮೊದಲಿನಿಂದ ಆರಂಭವಾಗುತ್ತದೆ.

ಆ) ಹೆಸರನ್ನು ಈಗಿನ ಗುರುತಿನ ಚೀಟಿಯಲ್ಲಿರುವಂತೆಯೂ, ಹಳೆಯ ದಾಖಲೆಯಲ್ಲಿದ್ದಂತೆಯೂ ಬರೆಯಬೇಕು.

ಇ) ಪ್ರವೇಶಾತಿ, ನೇಮಕಾತಿ ಅಥವಾ ನ್ಯಾಯಾಲಯದ ದಿನಾಂಕ ಸಮೀಪದಲ್ಲಿದ್ದಲ್ಲಿ ಅದರ ಪುರಾವೆಯನ್ನು ಅರ್ಜಿಯೊಂದಿಗೆ ಲಗತ್ತಿಸಬೇಕು. ಆದ್ಯತೆ ನಿರ್ಧರಿಸಲು ಇದು ಸಹಕಾರಿ.

ಈ) ‘ದಾಖಲೆ ಲಭ್ಯವಿಲ್ಲ’ ಎಂಬ ಉತ್ತರ ಬಂದಲ್ಲಿ, ಬ್ಯಾಕಪ್ ಮತ್ತು ಆರ್ಕೈವ್ ಪ್ರತಿಗಳಲ್ಲಿಯೂ ಹುಡುಕಲಾಗಿದೆಯೇ ಎಂದು ಲಿಖಿತವಾಗಿ ಕೇಳಬಹುದು.

ಉ) ಕರ್ನಾಟಕದಲ್ಲಿ 2012ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಸಕಾಲ ವ್ಯವಸ್ಥೆಯ ಅಧಿಸೂಚಿತ ಸೇವೆಗಳಿಗೆ ನೀಡುವ 15 ಅಂಕಿಗಳ ಸ್ವೀಕೃತಿ ಸಂಖ್ಯೆಯನ್ನು ಜೋಪಾನವಾಗಿ ಇರಿಸಿಕೊಳ್ಳತಕ್ಕದ್ದು. ನಿಗದಿತ ಅವಧಿಯಲ್ಲಿ ಸೇವೆ ದೊರೆಯದಿದ್ದಲ್ಲಿ ಅಥವಾ ಅರ್ಜಿ ತಿರಸ್ಕೃತವಾದಲ್ಲಿ ಸದರಿ ಸಂಖ್ಯೆಯ ಆಧಾರದ ಮೇಲೆ ಮೇಲ್ಮನವಿ ಸಲ್ಲಿಸಬಹುದು.

ಹಳೆಯ ದಾಖಲೆ ಬೇಕಾಗಬಹುದೆಂದು ಮೊದಲೇ ತಿಳಿದಿರುವವರು ಕೊನೆಯ ದಿನದವರೆಗೆ ಕಾಯದೆ, ಕನಿಷ್ಠ ಒಂದು ವಾರ ಮುಂಚಿತವಾಗಿ ಅರ್ಜಿ ಸಲ್ಲಿಸುವುದು ಒಳಿತು.