ಲಾರಿಯ ಜಾಲ, ಪತ್ರಿಕೆಯ ಜಾಲ, ಮತದ ಲೆಕ್ಕ

ಇಂಡಿ ತಾಲೂಕಿನ ಲಚ್ಯಾಣದ ಮೂಲಕ ಹಾದುಹೋಗುವ ರೈಲು ಹಳಿ ಒಂದು ಕಡೆ ಸೊಲ್ಲಾಪುರದತ್ತ, ಇನ್ನೊಂದು ಕಡೆ ವಿಜಯಪುರ, ಬಾಗಲಕೋಟೆಗಳನ್ನು ದಾಟಿ ಗದಗಿನತ್ತ ಸಾಗುತ್ತದೆ. ಆ ಗದಗಿನಲ್ಲಿ 1950ರಲ್ಲಿ ಜನಿಸಿದ ಶ್ರೀ ವಿಜಯ ಸಂಕೇಶ್ವರರು ಉದ್ಯಮಿಯಾಗಿ, ಪತ್ರಿಕೆಯ ಒಡೆಯರಾಗಿ, ಸಂಸದರಾಗಿ ಹೆಸರು ಮಾಡಿದವರು. ಉದ್ಯಮಿಗಳು ರಾಜಕೀಯಕ್ಕೆ ಬರುವುದನ್ನು ಕುರಿತ ನಮ್ಮ ಚರ್ಚೆಗೆ ಅವರ ಜೀವನ ಒಳ್ಳೆಯ ಉದಾಹರಣೆ.

ಒಂದು ಲಾರಿಯಿಂದ

ಸಂಕೇಶ್ವರರ ಮನೆತನದ ಕಸುಬು ಮುದ್ರಣ ಮತ್ತು ಪುಸ್ತಕ ಪ್ರಕಟಣೆ. ಅದನ್ನು ಬಿಟ್ಟು 1976ರಲ್ಲಿ ಅವರು ಒಂದೇ ಒಂದು ಲಾರಿಯೊಂದಿಗೆ ಸಾಗಣೆ ವ್ಯವಹಾರಕ್ಕಿಳಿದರು. ಮುಂದೆ ಹುಬ್ಬಳ್ಳಿ ಅವರ ಕೇಂದ್ರವಾಯಿತು, ವಿ.ಆರ್.ಎಲ್. ಎಂಬ ಹೆಸರು ಊರೂರಿಗೆ ಪರಿಚಯವಾಯಿತು.

ಈ ಬೆಳವಣಿಗೆಯ ಹಿಂದೆ ಸರಳ ಗಣಿತವಿದೆ. ಸಣ್ಣ ಊರಿನ ಅಂಗಡಿಕಾರನಿಗೆ ಲಾರಿ ತುಂಬ ಮಾಲು ಬೇಕಿಲ್ಲ, ನಾಲ್ಕು ಪೆಟ್ಟಿಗೆ ಸಾಕು. ಅಷ್ಟಕ್ಕಾಗಿ ಯಾರೂ ಲಾರಿ ಕಳಿಸುವುದಿಲ್ಲ. ಹಲವರ ಬಿಡಿ ಮಾಲನ್ನು ಒಂದೆಡೆ ಕೂಡಿಸಿ, ಊರುವಾರು ವಿಂಗಡಿಸಿ, ಮತ್ತೆ ತುಂಬಿ ಕಳಿಸಿದರೆ ಮಾತ್ರ ಬಾಡಿಗೆ ಗಿಟ್ಟುತ್ತದೆ. ಹತ್ತು ಊರುಗಳನ್ನು ಒಂದಕ್ಕೊಂದು ನೇರವಾಗಿ ಜೋಡಿಸಲು 45 ಮಾರ್ಗಗಳು ಬೇಕು. ನಡುವೆ ಒಂದು ಕೇಂದ್ರವಿದ್ದರೆ 10 ಸಾಕು. ಖಾಲಿ ಬರುವ ಲಾರಿಯೂ ಡೀಸೆಲ್ ಕುಡಿಯುತ್ತದೆ. ಆದ್ದರಿಂದ ಮರಳಿ ಬರುವಾಗಲೂ ಮಾಲು ಸಿಗುವಂತೆ ಶಾಖೆಗಳ ಜಾಲ ಬೇಕು.

ಸಂಸತ್ತು ಮತ್ತು ಪತ್ರಿಕೆ

1996, 1998 ಮತ್ತು 1999ರಲ್ಲಿ ಅವರು ಭಾರತೀಯ ಜನತಾ ಪಕ್ಷದಿಂದ ಧಾರವಾಡ ಉತ್ತರ ಕ್ಷೇತ್ರಕ್ಕೆ ಆಯ್ಕೆಯಾದರು. 1999ರಲ್ಲಿಯೇ 'ವಿಜಯ ಕರ್ನಾಟಕ' ದಿನಪತ್ರಿಕೆಯನ್ನು ಆರಂಭಿಸಿದರು. ಪತ್ರಿಕೆ ಬೆಳಗಾಗುವುದರೊಳಗೆ ಮನೆ ಸೇರಬೇಕಾದ ಸರಕು. ಮಧ್ಯಾಹ್ನ ಬಂದರೆ ರದ್ದಿ. ಹಲವು ಊರುಗಳಲ್ಲಿ ಮುದ್ರಣ, ಕಡಿಮೆ ಬೆಲೆ, ಚುರುಕಿನ ಸಾಗಣೆ ಕೂಡಿಬಂದು ಅದು ಕೆಲವೇ ವರ್ಷಗಳಲ್ಲಿ ಕನ್ನಡದ ಅತಿ ಹೆಚ್ಚು ಪ್ರಸಾರದ ಪತ್ರಿಕೆಯಾಯಿತು.

ಹೀಗೆ ಒಬ್ಬರೇ ಸಂಸದರೂ ಸಾಗಣೆ ಉದ್ಯಮಿಯೂ ಪತ್ರಿಕೆಯ ಒಡೆಯರೂ ಆದರು. ಡೀಸೆಲ್, ಹೆದ್ದಾರಿ, ತೆರಿಗೆಗಳ ಬಗ್ಗೆ ತೀರ್ಮಾನವಾಗುವುದು ದಿಲ್ಲಿಯಲ್ಲಿ. ಆ ತೀರ್ಮಾನದ ಸುದ್ದಿ ಬರುವುದು ಪತ್ರಿಕೆಯಲ್ಲಿ. ಇದರಲ್ಲಿ ಕಾನೂನುಬಾಹಿರವಾದದ್ದೇನೂ ಇಲ್ಲ. ಆದರೆ ಯಾರ ಹಿತ ಎಲ್ಲಿದೆ ಎಂಬುದು ಮತದಾರನಿಗೆ ತಿಳಿದಿರಬೇಕಲ್ಲವೇ?

ಮತದಾರನ ತೀರ್ಪು

ಸ್ವಂತ ಪತ್ರಿಕೆ ಇದ್ದರೆ ಚುನಾವಣೆ ಗೆದ್ದಂತೆ ಎಂದು ಭಾವಿಸುವವರುಂಟು. ಸಂಕೇಶ್ವರರು ಬಿಜೆಪಿಯನ್ನು ತೊರೆದು ಕಟ್ಟಿದ ಕನ್ನಡ ನಾಡು ಪಕ್ಷಕ್ಕೆ 2004ರ ವಿಧಾನಸಭಾ ಚುನಾವಣೆಯಲ್ಲಿ 224 ಸ್ಥಾನಗಳ ಪೈಕಿ ದೊರೆತದ್ದು ಒಂದೇ ಒಂದು. ಆಗ ನಾಡಿನ ದೊಡ್ಡ ಪತ್ರಿಕೆ ಅವರ ಕೈಯಲ್ಲೇ ಇತ್ತು. ಬೆಳಿಗ್ಗೆ ಪತ್ರಿಕೆ ಕೊಂಡ ಓದುಗ ಮತ ಹಾಕುವಾಗ ಬೇರೆಯೇ ಲೆಕ್ಕ ಹಾಕಿದ. ಸರಕನ್ನು ಕೇಂದ್ರದಲ್ಲಿ ವಿಂಗಡಿಸಿ ಊರಿಗೆ ಕಳಿಸಬಹುದು. ವಿಶ್ವಾಸ ಊರಿನಲ್ಲೇ ಬೆಳೆಯಬೇಕು.

2006ರಲ್ಲಿ ಪತ್ರಿಕೆ ಟೈಮ್ಸ್ ಸಮೂಹಕ್ಕೆ ಮಾರಾಟವಾಯಿತು. ಸಂಕೇಶ್ವರರು ಮುಂದೆ ಬಿಜೆಪಿಗೆ ಮರಳಿದರು. 2012ರಲ್ಲಿ 'ವಿಜಯವಾಣಿ' ಹೊರತಂದರು. 2015ರಲ್ಲಿ ಅವರ ಸಾಗಣೆ ಕಂಪನಿ ಷೇರುಪೇಟೆ ಪ್ರವೇಶಿಸಿತು. 2020ರಲ್ಲಿ ಪದ್ಮಶ್ರೀ ಪುರಸ್ಕಾರ ಬಂತು.

ನಾವು ನೋಡಬೇಕಾದದ್ದು

ಅವರು ಲೋಕಸಭೆಗೆ ಗೆದ್ದ ಮೂರೂ ಚುನಾವಣೆಗಳಲ್ಲಿ ಅಭ್ಯರ್ಥಿಗಳ ಆಸ್ತಿ ವಿವರ ಮತದಾರರಿಗೆ ಲಭ್ಯವಿರಲಿಲ್ಲ. ಅದನ್ನು ತಿಳಿಯುವುದು ಮತದಾರರ ಹಕ್ಕು ಎಂದು ಸುಪ್ರೀಂ ಕೋರ್ಟ್ 2002ರಲ್ಲಿ ತೀರ್ಪು ನೀಡಿತು. ಈಗ ಪ್ರತಿ ಅಭ್ಯರ್ಥಿಯೂ ನಾಮಪತ್ರದೊಂದಿಗೆ ಆಸ್ತಿ, ಸಾಲ, ಮೊಕದ್ದಮೆಗಳ ಪ್ರಮಾಣಪತ್ರ ಸಲ್ಲಿಸಬೇಕು. ಅದನ್ನು ಯಾರು ಬೇಕಾದರೂ ಓದಬಹುದು. ಪತ್ರಿಕೆಗಳಲ್ಲೂ ಮುದ್ರಕರ, ಪ್ರಕಾಶಕರ ಹೆಸರು ಸಣ್ಣ ಅಕ್ಷರಗಳಲ್ಲಿ ಇದ್ದೇ ಇರುತ್ತದೆ.

ಕಾರ್ಯಕ್ರಮ ನೋಡಿದ ಮೇಲೆ ಲಚ್ಯಾಣದ ಕಟ್ಟೆಯ ಮೇಲಾಗಲಿ, ಇಂಡಿಯ ಸಂತೆಯಲ್ಲಾಗಲಿ ವೀಕ್ಷಕರು ಈ ಪ್ರಶ್ನೆಗಳನ್ನು ಚರ್ಚಿಸಬಹುದು: ಉದ್ಯಮ ಕಟ್ಟಿದ ಅನುಭವ ಶಾಸನ ರೂಪಿಸಲು ಎಷ್ಟು ನೆರವಾಗುತ್ತದೆ? ನಮ್ಮ ಕ್ಷೇತ್ರದ ಅಭ್ಯರ್ಥಿಯ ಪ್ರಮಾಣಪತ್ರವನ್ನು ನಮ್ಮಲ್ಲಿ ಎಷ್ಟು ಜನ ಓದಿದ್ದೇವೆ?