ಮನೆಯ ಕಾರು ಕಣಕ್ಕಿಳಿಯುವ ಮುನ್ನ

ಕಾರಹುಣ್ಣಿಮೆ ಬಂತೆಂದರೆ ರಾಯಚೂರಿನಲ್ಲಿ ಎತ್ತುಗಳು ಭಾರದ ಕಲ್ಲು ಎಳೆಯುತ್ತವೆ. ಮುನ್ನೂರುಕಾಪು ಸಮಾಜದವರು ನಡೆಸುವ ಮುಂಗಾರು ಹಬ್ಬದ ಆ ಕಣದ ಸುತ್ತ ನಿಂತು ಕೇಕೆ ಹಾಕಿದವರಿಗೆ ಒಂದು ಮಾತು ಗೊತ್ತು: ಹೊಲ ಉಳುವ ಎತ್ತನ್ನು ನೊಗದಿಂದ ಬಿಚ್ಚಿ ನೇರವಾಗಿ ಕಣಕ್ಕೆ ತರಲಾಗದು. ಅದರ ಮೇವು ಬೇರೆ, ಆರೈಕೆ ಬೇರೆ, ಪಳಗಿಸುವ ರೀತಿ ಬೇರೆ. ಜಾತಿ ಅದೇ, ತಯಾರಿ ಮಾತ್ರ ಇನ್ನೊಂದು.

ಹಳೆಯ ಕಾರನ್ನು ರೇಸಿಗೆ ತಯಾರು ಮಾಡುವ ಕಸುಬೂ ಹೀಗೆಯೇ. ಶೋರೂಮಿನಿಂದ ಬಂದಂತೆಯೇ ಇರುವ ಕಾರಿಗೆ ರೇಸಿನವರು 'ಸ್ಟಾಕ್ ಕಾರು' ಎನ್ನುತ್ತಾರೆ. ಹತ್ತು ಹದಿನೈದು ವರ್ಷ ಮದುವೆ, ಆಸ್ಪತ್ರೆ, ಸಂತೆ ಎಂದು ಓಡಿದ ಅಂಥ ಕಾರನ್ನು ಕಡಿಮೆ ಬೆಲೆಗೆ ಕೊಂಡು, ಬಿಚ್ಚಿ, ಮತ್ತೆ ಕಟ್ಟಿ ಸ್ಪರ್ಧೆಗೆ ಇಳಿಸುವ ಹವ್ಯಾಸಿಗಳು ಜಗತ್ತಿನಾದ್ಯಂತ ಇದ್ದಾರೆ. ಅಮೆರಿಕದಲ್ಲಿ 2006ರಲ್ಲಿ ಶುರುವಾದ '24 ಅವರ್ಸ್ ಆಫ್ ಲೆಮನ್ಸ್' ಎಂಬ ಓಟದಲ್ಲಿ ಕಾರಿನ ಬೆಲೆ 500 ಡಾಲರ್ ಮೀರಬಾರದೆಂಬ ಕಟ್ಟಳೆ ಇತ್ತು. ಆದರೆ ಚಾಲಕನ ಪ್ರಾಣ ಕಾಯುವ ಸಾಮಾನಿಗೆ ಮಾಡಿದ ಖರ್ಚು ಆ 500ರ ಲೆಕ್ಕಕ್ಕೆ ಸೇರುವುದಿಲ್ಲ. ಕಾರು ಎಷ್ಟೇ ಅಗ್ಗವಿರಲಿ, ಜೀವದ ವಿಷಯದಲ್ಲಿ ಚೌಕಾಸಿ ಬೇಡ ಎಂಬುದು ಅಲ್ಲಿನ ನಿಯಮ. ಈ ಕಸುಬಿನ ತಿರುಳೂ ಅದೇ.

ನಮ್ಮ ದೇಶದಲ್ಲಿ ಈ ಹವ್ಯಾಸಕ್ಕೆ ಬೆನ್ನೆಲುಬಾದದ್ದು ಮಾರುತಿ. 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದ ಮಾರುತಿ 800ರ ಎಂಜಿನ್ 796 ಸಿಸಿಯದು, ಮೂರೇ ಸಿಲಿಂಡರಿನದು. ಕೊಯಮತ್ತೂರಿನ ಎಸ್. ಕರಿವರ್ಧನ್ 1988ರ ಸುಮಾರಿಗೆ ಇದೇ ಎಂಜಿನ್ ಇಟ್ಟು 'ಫಾರ್ಮುಲಾ ಮಾರುತಿ' ಎಂಬ ಒಂಟಿ ಸೀಟಿನ ರೇಸ್ ಕಾರು ಕಟ್ಟಿದರು. ಮುಂದೆ ಭಾರತದ ಮೊದಲ ಫಾರ್ಮುಲಾ ಒನ್ ಚಾಲಕನಾದ ನಾರಾಯಣ್ ಕಾರ್ತಿಕೇಯನ್ ಪಳಗಿದ್ದು ಆ ಕಾರಿನಲ್ಲೇ. ಸಂತೆಗೆ ಹೋಗುವ ಕಾರಿನ ಎಂಜಿನ್ ಒಬ್ಬ ಹುಡುಗನನ್ನು ಅಲ್ಲಿಯವರೆಗೆ ಒಯ್ಯಿತು. 1985ರ ಜಿಪ್ಸಿ, 1994ರ ಎಸ್ಟೀಮ್ ಕೂಡ ಇದೇ ಸಾಲಿನವು. ಎಸ್ಟೀಮ್‌ನ 1.3 ಲೀಟರ್ ಎಂಜಿನ್ ಎಷ್ಟೋ ವರ್ಷ ನಮ್ಮ ಹವ್ಯಾಸಿ ರೇಸುಗಳ ಅನ್ನದ ಬಟ್ಟಲಾಗಿತ್ತು. ಗಟ್ಟಿ ಚಾಸಿ, ಪಾಟಾ ಸ್ಪ್ರಿಂಗು, ನಾಲ್ಕೂ ಗಾಲಿಗೆ ಬಲ ಕೊಡುವ ಗೇರು ಇರುವ ಜಿಪ್ಸಿ ಕಚ್ಚಾ ರಸ್ತೆಯ ರ್‍ಯಾಲಿಗಳ ರಾಜನಾಗಿತ್ತು. ಬಿಡಿಭಾಗ ಎಲ್ಲೆಡೆ ಸಿಗುತ್ತಿತ್ತು, ಯಾವ ಊರಿನ ಮೆಕ್ಯಾನಿಕ್ಕಿಗೂ ಅದರ ಹೊಟ್ಟೆಯೊಳಗಿನದು ಗೊತ್ತಿತ್ತು. ಹವ್ಯಾಸಿಗೆ ಬೇಕಾದದ್ದು ಇದೇ.

ಕಾರು ಆರಿಸುವಾಗ ಎಂಜಿನ್ ಸದ್ದಿಗೆ ಮರುಳಾಗಬಾರದು. ಎಂಜಿನ್ ಬದಲಿಸಬಹುದು, ತುಕ್ಕು ತಿಂದ ಮೈಯನ್ನು ಬದಲಿಸಲಾಗದು. ಗದ್ದೆಯ ಕೆಸರಿನಲ್ಲೇ ಓಡಾಡುವ ನಮ್ಮ ನೀರಾವರಿ ಭಾಗದ ಕಾರಾದರೆ ಕೆಳಗೆ ಮಲಗಿ ನೆಲದ ತಗಡು, ಸ್ಪ್ರಿಂಗ್ ಕೂರುವ ಜಾಗ, ಬಾಗಿಲ ಕೆಳಗಿನ ಅಂಚು ತಟ್ಟಿ ನೋಡಬೇಕು. ಆಮೇಲೆ ಬಿಚ್ಚುವ ಕೆಲಸ. ಹಿಂದಿನ ಸೀಟು, ನೆಲಹಾಸು, ಎಸಿ, ಸದ್ದು ತಡೆಯಲು ಮೆತ್ತಿದ ಡಾಂಬರಿನಂಥ ಪದರ ಎಲ್ಲ ಹೊರಗೆ. ಕಾರು ಹಗುರಾದರೆ ಓಡುವುದಷ್ಟೇ ಅಲ್ಲ, ನಿಲ್ಲುವುದೂ ತಿರುಗುವುದೂ ಸಲೀಸಾಗುತ್ತದೆ.

ಖಾಲಿಯಾದ ಆ ಮೈಯೊಳಗೆ ಮೊದಲು ಕೂರಬೇಕಾದದ್ದು ರೋಲ್ ಕೇಜ್, ಅಂದರೆ ಉಕ್ಕಿನ ಪಂಜರ. ಕಾರು ಪಲ್ಟಿಯಾದಾಗ ಛಾವಣಿ ಕುಸಿದು ಚಾಲಕನ ತಲೆ ಮೇಲೆ ಬೀಳದಂತೆ ತಡೆಯುವುದು ಇದೊಂದೇ. ಮೋಟಾರು ಕ್ರೀಡೆಯ ಅಂತರರಾಷ್ಟ್ರೀಯ ಸಂಸ್ಥೆ ಎಫ್‌ಐಎ ಇದಕ್ಕೆ ಕೊಟ್ಟ ಅಳತೆಗಳು ಖಡಾಖಂಡಿತ. ಚಾಲಕನ ಬೆನ್ನ ಹಿಂದಿನ ಮುಖ್ಯ ಕಮಾನಿಗೆ 45 ಮಿ.ಮೀ. ವ್ಯಾಸ, 2.5 ಮಿ.ಮೀ. ದಪ್ಪದ ಕೊಳವೆ ಬೇಕು, 50 ಮಿ.ಮೀ. ವ್ಯಾಸದ್ದಾದರೆ 2 ಮಿ.ಮೀ. ದಪ್ಪ ಸಾಕು. ಅದು ಬೆಸುಗೆಯ ಗೆರೆ ಇಲ್ಲದ, ತಣ್ಣಗಿರುವಾಗಲೇ ಎಳೆದು ಮಾಡಿದ ಉಕ್ಕಿನ ಕೊಳವೆಯಾಗಿರಬೇಕು. ಬಾಗಿಸುವುದೂ ತಣ್ಣಗೇ, ಕಾಯಿಸಿ ಅಲ್ಲ. ಬಾಗಿನ ತ್ರಿಜ್ಯ ಕೊಳವೆಯ ವ್ಯಾಸದ ಮೂರು ಪಟ್ಟಿಗಿಂತ ಕಡಿಮೆಯಾಗಬಾರದು, ಬಾಗಿದಲ್ಲಿ ಕೊಳವೆ ಸುಕ್ಕುಗಟ್ಟಬಾರದು. ಪಂಜರದ ಕಾಲು ನೆಲಕ್ಕೆ ಕೂರುವಲ್ಲಿ ಕನಿಷ್ಠ 3 ಮಿ.ಮೀ. ದಪ್ಪದ, 120 ಚದರ ಸೆಂ.ಮೀ. ವಿಸ್ತೀರ್ಣದ ಪಟ್ಟಿ ಕೊಟ್ಟು ಗಟ್ಟಿ ಮಾಡಬೇಕು. ಇಲ್ಲದಿದ್ದರೆ ಪಲ್ಟಿಯಾದ ಹೊಡೆತಕ್ಕೆ ಆ ಕಾಲು ತೆಳು ತಗಡನ್ನು ಸೀಳಿಕೊಂಡು ಕೆಳಗಿಳಿಯುತ್ತದೆ.

ಇಷ್ಟು ವಿವರವಾಗಿ ಹೇಳಲು ಕಾರಣವುಂಟು. ಸಿಂಧನೂರು, ಮಸ್ಕಿ, ಲಿಂಗಸುಗೂರಿನ ಗ್ಯಾರೇಜುಗಳಲ್ಲಿ ವೆಲ್ಡಿಂಗ್ ಕೈ ಪಳಗಿದವರಿಗೆ ಕೊರತೆಯಿಲ್ಲ. ಭತ್ತದ ಕಟಾವಿನ ಕಾಲದಲ್ಲಿ ಮುರಿದ ಯಂತ್ರವನ್ನು ರಾತ್ರಿಯೆಲ್ಲ ಕುಳಿತು ಎಬ್ಬಿಸಿ ಬೆಳಿಗ್ಗೆ ಗದ್ದೆಗೆ ಕಳಿಸುವವರು ಅವರು. ಆ ಕೈಗಳ ಮೇಲೆ ನನಗೆ ಅಪಾರ ಗೌರವ. ಆದರೆ ನೀರಿನ ಜಿಐ ಪೈಪನ್ನು ಬಾಗಿಸಿ, ಕಾರೊಳಗೆ ಕೂರಿಸಿ, ಮೇಲೆ ಕೆಂಪು ಬಣ್ಣ ಬಳಿದರೆ ಅದು ರೋಲ್ ಕೇಜ್ ಆಗುವುದಿಲ್ಲ. ಪೆಟ್ಟು ಬಿದ್ದಾಗ ಅದು ಮಡಚಿಕೊಂಡು ಒಳಗಿದ್ದವನಿಗೇ ಚುಚ್ಚುತ್ತದೆ. ಕೌಶಲ ಇದ್ದೂ ಸರಿಯಾದ ಸರಕು ಇಲ್ಲದಿದ್ದರೆ ಆ ಕೆಲಸಕ್ಕೆ ಕೈ ಹಾಕದಿರುವುದೇ ಒಳ್ಳೆಯ ಮೇಸ್ತ್ರಿಯ ಲಕ್ಷಣ.

ಪಂಜರದ ನಂತರ ಮೈಯನ್ನು ಬಿಗಿಯಾಗಿ ಹಿಡಿಯುವ ರೇಸಿಂಗ್ ಸೀಟು, ಹೆಗಲು, ಸೊಂಟ, ತೊಡೆ ಹಿಡಿಯುವ ಬೆಲ್ಟು, ಬೆಂಕಿ ಆರಿಸುವ ಉಪಕರಣ. ಬ್ಯಾಟರಿಯ ಸಂಪರ್ಕವನ್ನು ಒಂದೇ ಏಟಿಗೆ ಕಡಿಯುವ ಸ್ವಿಚ್ಚೂ ಬೇಕು. ಅದು ಒಳಗಿದ್ದ ಚಾಲಕನಿಗೂ ಹೊರಗಿನಿಂದ ಓಡಿ ಬಂದವನಿಗೂ ಕೈಗೆಟುಕಬೇಕು. ನೀಲಿ ತ್ರಿಕೋನದಲ್ಲಿ ಕೆಂಪು ಮಿಂಚಿನ ಗುರುತು ಯಾವ ಕಾರಿನ ಮೇಲೆ ಕಂಡರೂ ಆ ಸ್ವಿಚ್ಚು ಅಲ್ಲಿದೆ ಎಂದರ್ಥ.

ಮುಂದಿನ ಸರದಿ ಬ್ರೇಕಿನದು. ಮನೆಯ ಕಾರಿನಲ್ಲಿ ಬ್ರೇಕು ಆಗೊಮ್ಮೆ ಈಗೊಮ್ಮೆ ದುಡಿಯುತ್ತದೆ. ರೇಸಿನಲ್ಲಿ ಪ್ರತಿ ತಿರುವಿಗೂ ಕಾದು ಕೆಂಡವಾಗುತ್ತದೆ. ಹಳೆಯ ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿಕೊಂಡಿರುತ್ತದೆ. ಕಾದಾಗ ಅದರೊಳಗೆ ಆವಿಯ ಗುಳ್ಳೆ ಏಳುತ್ತದೆ, ಪೆಡಲ್ಲು ನೆಲಕ್ಕೆ ಕೂರುತ್ತದೆ, ಕಾರು ನಿಲ್ಲುವುದಿಲ್ಲ. ಹಾಗಾಗಿ ಹೊಸ ಆಯಿಲ್, ಹೆಚ್ಚು ಕಾವು ತಾಳುವ ಪ್ಯಾಡು ಮೊದಲ ಖರ್ಚು. ಸವೆದ ರಬ್ಬರ್ ಬುಷ್, ಸೋರುವ ಶಾಕ್ ಅಬ್ಸಾರ್ಬರ್ ಬದಲಿಸಿ ಒಳ್ಳೆಯ ಟೈರು ಹಾಕಿದರೆ ಅದೇ ಎಂಜಿನ್ನಿನ ಅದೇ ಕಾರು ತಿರುವುಗಳಲ್ಲಿ ಬೇರೆಯೇ ಆಗಿಬಿಡುತ್ತದೆ. ಎಂಜಿನ್ನಿಗೆ ಕೈ ಹಾಕುವುದು ಕೊನೆಗೆ. ಹೆಡ್ ಫೇಸಿಂಗ್ ಮಾಡಿಸಿ ಕಂಪ್ರೆಷನ್ ಏರಿಸುವುದು, ಕ್ಯಾಮ್ ಬದಲಿಸುವುದು ಲೇತಿನವರಿಗೆ ಗೊತ್ತಿರುವ ಕೆಲಸವೇ. ಆದರೆ ಹೊಸಬರ ವಿಭಾಗಗಳಲ್ಲಿ ಎಂಜಿನ್ ಮೂಲದಲ್ಲಿದ್ದಂತೆಯೇ ಇರಬೇಕೆಂಬ ನಿಯಮ ಸಾಮಾನ್ಯ, ಅದು ಒಳ್ಳೆಯದೇ. ಆಗ ಗೆಲ್ಲುವುದು ದುಡ್ಡಲ್ಲ, ಚಾಲಕನ ಕೈ.

ಇಂಥ ಕಾರು ಓಡುವುದೆಲ್ಲಿ? ದೇಶದ ಮೋಟಾರು ಕ್ರೀಡೆಗೆ 1971ರಲ್ಲಿ ಹುಟ್ಟಿದ ಎಫ್‌ಎಂಎಸ್‌ಸಿಐ ಒಕ್ಕೂಟವಿದೆ. ಸ್ಪರ್ಧೆಗೆ ಇಳಿಯಲು ಅದರ ಲೈಸೆನ್ಸ್ ಬೇಕು. ಡಾಂಬರಿನ ಸುತ್ತೋಟಕ್ಕೆ ನಮ್ಮವರು ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈಯ 3.717 ಕಿ.ಮೀ. ಟ್ರ್ಯಾಕಿಗೋ ಕೊಯಮತ್ತೂರಿನ 2.1 ಕಿ.ಮೀ. ಉದ್ದದ ಕರಿ ಮೋಟಾರ್ ಸ್ಪೀಡ್‌ವೇಗೋ ಹೋಗುತ್ತಾರೆ. ಎರಡನೆಯದಕ್ಕೆ ಇಟ್ಟಿರುವುದು ಫಾರ್ಮುಲಾ ಮಾರುತಿ ಕಟ್ಟಿದ ಕರಿವರ್ಧನ್ ಅವರ ಹೆಸರನ್ನೇ. ಕರ್ನಾಟಕದ ನಿಜವಾದ ಹೆಮ್ಮೆ ರ್‍ಯಾಲಿ. ಬೆಂಗಳೂರಿನ ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ನಡೆಸುವ ಕೆ-1000 ದೇಶದ ಹಳೆಯ ರ್‍ಯಾಲಿಗಳಲ್ಲಿ ಒಂದು. ಚಿಕ್ಕಮಗಳೂರಿನ ಕಾಫಿ ತೋಟಗಳ ಮಣ್ಣುದಾರಿಯಲ್ಲಿ ಏಷ್ಯಾ ಪೆಸಿಫಿಕ್ ಚಾಂಪಿಯನ್‌ಷಿಪ್ಪಿನ ಸುತ್ತೂ ನಡೆದದ್ದುಂಟು.

ರ್‍ಯಾಲಿಯಲ್ಲಿ ಚಾಲಕನ ಪಕ್ಕ ಇನ್ನೊಬ್ಬರು ಕೂತು, ಮುಂದಿನ ತಿರುವು ಎಷ್ಟು ಕಡಿದು, ದಿಬ್ಬ ಎಲ್ಲಿದೆ ಎಂದು ಬರೆದುಕೊಂಡದ್ದನ್ನು ಓದಿ ಹೇಳುತ್ತಾ ಹೋಗುತ್ತಾರೆ. ಈ ವಿದ್ಯೆಯಲ್ಲಿ ದೇಶಕ್ಕೇ ಹೆಸರಾದ ಮೂಸಾ ಶೆರೀಫ್ ಕಾಸರಗೋಡಿನ ಮೊಗ್ರಾಲಿನವರು. ಅವರು ಜೊತೆಗೂಡಿದ ಚಾಲಕ ಗೌರವ್ ಗಿಲ್ 2019ರಲ್ಲಿ ಅರ್ಜುನ ಪ್ರಶಸ್ತಿ ಪಡೆದರು. ಮೋಟಾರು ಕ್ರೀಡೆಗೆ ಸಿಕ್ಕ ಮೊದಲ ಅರ್ಜುನ ಅದು.

ಸಂಭ್ರಮದ ಜೊತೆಗೆ ನೋವನ್ನೂ ಹೇಳಲೇಬೇಕು. 2023ರ ಜನವರಿಯಲ್ಲಿ ಚೆನ್ನೈ ಟ್ರ್ಯಾಕಿನಲ್ಲಿ ಸಲೂನ್ ಕಾರುಗಳ ಓಟದ ವೇಳೆ 59 ವರ್ಷದ ಅನುಭವಿ ಕೆ. ಇ. ಕುಮಾರ್ ಅವರ ಕಾರು ಇನ್ನೊಂದಕ್ಕೆ ತಾಗಿ, ಟ್ರ್ಯಾಕು ಬಿಟ್ಟು ಮಗುಚಿ ಬಿತ್ತು. ಅವರು ಉಳಿಯಲಿಲ್ಲ. 2019ರ ಸೆಪ್ಟೆಂಬರಿನಲ್ಲಿ ರಾಜಸ್ಥಾನದ ಬಾಡಮೇರ್ ಬಳಿ ರ್‍ಯಾಲಿಗೆಂದು ಮುಚ್ಚಿದ್ದ ರಸ್ತೆಗೆ ಬೈಕೊಂದು ಬಂದು, ರ್‍ಯಾಲಿ ಕಾರಿಗೆ ಸಿಕ್ಕಿ ಒಂದೇ ಕುಟುಂಬದ ಮೂವರು ತೀರಿಕೊಂಡರು. ನಿಯಮ, ಕಾವಲು, ಆಂಬುಲೆನ್ಸ್ ಎಲ್ಲ ಇದ್ದಲ್ಲೇ ಹೀಗಾಗುತ್ತದೆ. ಏನೂ ಇಲ್ಲದ ರಸ್ತೆಯಲ್ಲಿ ಪಂದ್ಯ ಕಟ್ಟುವವರು ಇದನ್ನು ಯೋಚಿಸಬೇಕು.

ಏಕೆಂದರೆ ರಾಯಚೂರು ರಸ್ತೆಯಲ್ಲಿ ಜವಳಗೇರಾ ದಾಟುವಾಗ ಸೈಲೆನ್ಸರ್ ಕಿತ್ತ ಕಾರು, ಬೈಕುಗಳು ಭತ್ತದ ಟ್ರ್ಯಾಕ್ಟರುಗಳ ನಡುವೆ ನುಗ್ಗುವುದನ್ನು ನಾನು ನೋಡಿದ್ದೇನೆ. ಅದೇ ರಸ್ತೆಯ ಅಂಚಿನಲ್ಲಿ ಶಾಲೆಯ ಮಕ್ಕಳು ನಡೆಯುತ್ತಾರೆ, ಎಮ್ಮೆಗಳು ದಾಟುತ್ತವೆ. ಸಾರ್ವಜನಿಕ ರಸ್ತೆಯಲ್ಲಿ ಓಟ ಕಟ್ಟಿದರೆ ಮೋಟಾರು ವಾಹನ ಕಾಯ್ದೆಯ 189ನೇ ಕಲಮಿನಡಿ ಮೊದಲ ಸಲ ಮೂರು ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಕಾರಿನ ರಚನೆಯನ್ನು ಮನಸ್ಸಿಗೆ ಬಂದಂತೆ ಬದಲಿಸಿ ರಸ್ತೆಗಿಳಿಸುವುದನ್ನೂ ಅದೇ ಕಾಯ್ದೆಯ 52ನೇ ಕಲಮು ತಡೆಯುತ್ತದೆ. ಅದಕ್ಕೇ ಟ್ರ್ಯಾಕಿಗೆಂದು ಕಟ್ಟಿದ ಕಾರು ಅಲ್ಲಿಗೆ ಲಾರಿಯ ಮೇಲೇರಿ ಹೋಗುತ್ತದೆ.

ಅಂಥ ಹುಡುಗರ ಆಸೆ ತಪ್ಪಲ್ಲ, ಜಾಗ ತಪ್ಪು. ಕೈಯಲ್ಲಿ ಸ್ಪ್ಯಾನರ್ ಹಿಡಿದು ವೇಗದ ಕನಸು ಕಾಣುವ ತಮ್ಮಂದಿರೇ, ಮೊದಲು ಒಂದು ರ್‍ಯಾಲಿಗೋ ಮೈದಾನದಲ್ಲಿ ನಡೆಯುವ ಆಟೋಕ್ರಾಸ್ ಓಟಕ್ಕೋ ಹೋಗಿ, ಬಾವುಟ ಹಿಡಿಯುವ ಮಾರ್ಷಲ್ ಆಗಿ ಒಂದು ದಿನ ನಿಲ್ಲಿರಿ. ಓಟಕ್ಕೆ ಮುಂಚೆ ಪ್ರತಿ ಕಾರನ್ನೂ ತಪಾಸಣೆ ಮಾಡುವ ಜಾಗದಲ್ಲಿ ಪಂಜರದ ಬೆಸುಗೆ, ಬೆಲ್ಟಿನ ಅವಧಿಯ ಚೀಟಿ, ಹೆಲ್ಮೆಟ್ಟಿನ ಮುದ್ರೆ ಹೇಗೆ ನೋಡುತ್ತಾರೆಂದು ಕಣ್ಣಾರೆ ಕಾಣಿರಿ. ನಿಮ್ಮ ಬೇವಿನ ಮರದ ಕೆಳಗೆ ನಿಂತ ಹಳೆಯ ಮಾರುತಿಯನ್ನು ಆಮೇಲೆ ಬಿಚ್ಚಿರಿ.