ಮೇಲ್ಮುದ್ದೆ ಮನೆಯೂ ಅದರ ಸಂರಕ್ಷಣೆಯೂ

ಬಳ್ಳಾರಿ, ಚಿತ್ರದುರ್ಗ ಮೊದಲಾದ ಮಳೆ ಕಡಿಮೆಯಾದ ಜಿಲ್ಲೆಗಳಲ್ಲಿ ಮಣ್ಣಿನ ಮಾಳಿಗೆಯ ಮನೆಗಳು ಬಹುಕಾಲದಿಂದ ರೂಢಿಯಲ್ಲಿವೆ. ತೊಲೆ ಜಂತೆಗಳ ಮೇಲೆ ಸೊಪ್ಪನ್ನು ಹಾಸಿ, ಅದರ ಮೇಲೆ ಮಣ್ಣನ್ನು ದಪ್ಪವಾಗಿ ಹರಡಿ ಬಡಿಯುವುದು ಪದ್ಧತಿ. ಈ ಮಣ್ಣು ಹಗಲಿನ ಶಾಖವನ್ನು ಮೆಲ್ಲನೆ ಹೀರಿ ರಾತ್ರಿ ಹೊರಬಿಡುವುದರಿಂದ, ವಿದ್ಯುಚ್ಛಕ್ತಿಯ ಸೌಕರ್ಯವಿಲ್ಲದ ಹೊಲದ ಮನೆಯೂ ಬೇಸಗೆಯಲ್ಲಿ ತಂಪಾಗಿರುತ್ತದೆ.

ಮೇಲುಪದರಕ್ಕೆ ಕರಲು ಮಣ್ಣೇ ಶ್ರೇಷ್ಠವು. ಇದರಲ್ಲಿ ಸೋಡಿಯಂ ಅಂಶವು ಅಧಿಕವಾಗಿರುವುದರಿಂದ, ನೆನೆದೊಡನೆ ಜೇಡಿಕಣಗಳು ಬಿಡಿಬಿಡಿಯಾಗಿ ರಂಧ್ರಗಳನ್ನು ಮುಚ್ಚಿಬಿಡುತ್ತವೆ, ನೀರು ಕೆಳಗಿಳಿಯದು. ಹೊಲದಲ್ಲಿ ಬೆಳೆಯನ್ನು ಕೆಡಿಸುವ ದೋಷವೇ ಮಾಳಿಗೆಯಲ್ಲಿ ಗುಣವಾಗುತ್ತದೆ.

ಆದರೆ ಹಳೆಯದನ್ನು ತೆಗೆಯದೆ ವರ್ಷವರ್ಷವೂ ಹೊಸ ಮಣ್ಣನ್ನು ಹೇರುವುದು ಅಪಾಯಕರವು. 10 ಅಡಿ ಉದ್ದ, 10 ಅಡಿ ಅಗಲದ ಮಾಳಿಗೆಯ ಮೇಲೆ ಒಂದಂಗುಲ ಮಣ್ಣೇ ಸುಮಾರು 4 ಕ್ವಿಂಟಾಲು ತೂಗುವುದು. ನೆನೆದರೆ ಇನ್ನೂ ಹೆಚ್ಚು. ಜಡಿಮಳೆಯಲ್ಲಿ ಗೆದ್ದಲು ತಿಂದ ಜಂತೆ ಮುರಿದು, ಮಲಗಿದವರ ಮೇಲೆ ಮಾಳಿಗೆಯು ಕುಸಿಯುವುದುಂಟು.

ಆದುದರಿಂದ ಗ್ರಾಮದ ಮುಖಂಡರೂ ಹಿಡುವಳಿದಾರರೂ ಮುಂಗಾರಿಗೆ ಮುನ್ನವೇ ತಮ್ಮ ಮನೆಗಳ ಮತ್ತು ಆಳುಗಳ ಮನೆಗಳ ಜಂತೆಗಳನ್ನು ತಟ್ಟಿ ನೋಡಿಸಿ, ಟೊಳ್ಳಾದುವನ್ನು ಬದಲಾಯಿಸತಕ್ಕದ್ದು. ಹಳೆಯ ಮಣ್ಣನ್ನು ಕೆರೆದು ತೆಗೆದಷ್ಟೇ ಹೊಸದನ್ನು ಹಾಕಿಸಿ, ನೀರು ನಿಲ್ಲದಂತೆ ಇಳಿಜಾರು ಮಾಡಿಸುವುದು ಕ್ಷೇಮಕರವು.